ಐದು ಸ್ಟೇಟ್ ಇರಬೇಕಾದ ಕಡೆ ಹದಿಮೂರು: ಡಿಸಿ ಮೋಟಾರ್ ಡ್ರೈವ್‌ನ ಮಾದರಿಗಳನ್ನು ಜೋಡಿಸಿದ ಒಂದು ಪ್ರಕರಣ

24 ವೋಲ್ಟ್‌ನ ಒಂದು ಸಣ್ಣ ಡಿಸಿ ಮೋಟಾರ್. ಒಳಗೆ ಕರೆಂಟ್ ಲೂಪ್, ಹೊರಗೆ ವೇಗದ ಲೂಪ್, ಎರಡಕ್ಕೂ ಪಿಐ ಕಂಟ್ರೋಲರ್ (ಗುರಿಗೂ ಅಳತೆಗೂ ಇರುವ ವ್ಯತ್ಯಾಸ, ಅದರ ಇಂಟಿಗ್ರಲ್ ಎರಡನ್ನೂ ನೋಡಿ ತಿದ್ದುವಂಥದ್ದು). ಕಂಟ್ರೋಲ್ ಪಾಠ ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಒಂದೊಂದು ಬ್ಲಾಕನ್ನೂ ಕಾಗದದ ಮೇಲೆ ಒಂದು ಸಾಲಿನಲ್ಲಿ ಬರೆದು ಮುಗಿಸಬಹುದು. ತಾಪತ್ರಯ ಶುರುವಾಗುವುದು ಇವನ್ನು ಮ್ಯಾಟ್‌ಲ್ಯಾಬ್‌ನ ಕಂಟ್ರೋಲ್ ಸಿಸ್ಟಮ್ ಟೂಲ್‌ಬಾಕ್ಸ್‌ನಲ್ಲಿ ಒಂದುಗೂಡಿಸುವಾಗ.

ಈ ಪ್ರಕರಣದಲ್ಲಿ ಮೊದಲು ಕಟ್ಟಿದ ಮಾದರಿಯ ವೇಗದ ಸ್ಟೆಪ್ ಗ್ರಾಫ್ ನೋಡಲು ಚೆನ್ನಾಗಿಯೇ ಇತ್ತು. ಗುರಿ ಕೊಟ್ಟಷ್ಟು ವೇಗಕ್ಕೆ ಹೋಗಿ ನಿಲ್ಲುತ್ತಿತ್ತು. ಆದರೆ ಸ್ಥಿರವೇ ಎಂದು ಕೇಳಿದರೆ ಸಾಫ್ಟ್‌ವೇರ್ 'ಇಲ್ಲ' ಅನ್ನುತ್ತಿತ್ತು. ಆರ್ಡರ್, ಅಂದರೆ ಮಾದರಿಯಲ್ಲಿರುವ ಸ್ಟೇಟ್‌ಗಳ (ನೆನಪಿಟ್ಟುಕೊಳ್ಳುವ ಬೆಲೆಗಳ) ಸಂಖ್ಯೆ, 13. ಪೋಲ್‌ಗಳ (ಛೇದ ಸೊನ್ನೆಯಾಗುವ ಬಿಂದುಗಳು, ಸ್ಥಿರವಿರಲು ಎಲ್ಲವೂ ಸೊನ್ನೆಯ ಎಡಗಡೆ ಇರಬೇಕು) ಪಟ್ಟಿಯಲ್ಲಿ ಸೊನ್ನೆಯ ಮೇಲೆಯೇ ಮೂರು. ಇನ್ನೊಂದು ಬದಿಯಲ್ಲಿ, ಸೆಕೆಂಡಿಗೆ 100 ರೇಡಿಯನ್ ವೇಗವನ್ನು ಹಿಡಿದು ನಿಲ್ಲಿಸಲು ಬೇಕಾದ ವೋಲ್ಟೇಜ್ 0.2 ಎಂದು ಮಾದರಿ ಹೇಳುತ್ತಿತ್ತು. ಅದೇ ಮೋಟಾರಿಗೆ ಕೈಲೆಕ್ಕ ಹಾಕಿದರೆ 10.2 ವೋಲ್ಟ್ ಬರುತ್ತದೆ. ಇವು ಒಂದೇ ತಪ್ಪಿನ ಎರಡು ಮುಖಗಳಲ್ಲ, ಎರಡು ಬೇರೆ ಬೇರೆ ತಪ್ಪುಗಳು. ವೇಗದ ಗ್ರಾಫ್ ಎರಡನ್ನೂ ಮುಚ್ಚಿಟ್ಟಿತ್ತು.

ಬಿಡಿಭಾಗಗಳು

ಆರ್ಮೇಚರ್‌ನ ರೆಸಿಸ್ಟೆನ್ಸ್ 2 ಓಮ್, ಇಂಡಕ್ಟೆನ್ಸ್ 1 ಮಿಲಿಹೆನ್ರಿ. ಟಾರ್ಕ್ ಸ್ಥಿರಾಂಕ ಆಂಪಿಯರಿಗೆ 0.1 ನ್ಯೂಟನ್-ಮೀಟರ್, ಎಸ್‌ಐ ಮಾನದಲ್ಲಿ ಬ್ಯಾಕ್ ಇಎಮ್‌ಎಫ್ (ತಿರುಗುವ ಮೋಟಾರ್ ತಾನೇ ಎದುರಾಗಿ ಹುಟ್ಟಿಸುವ ವೋಲ್ಟೇಜ್) ಸ್ಥಿರಾಂಕವೂ ಅದೇ 0.1. ರೋಟರ್ ಮತ್ತು ಹೊರೆ ಸೇರಿದ ಇನರ್ಷಿಯಾ 0.0002 ಕೆಜಿ-ಮೀ², ಘರ್ಷಣೆಯ ಗುಣಾಂಕ 0.0001 ನ್ಯೂಟನ್-ಮೀಟರ್-ಸೆಕೆಂಡ್.

ಇದರಿಂದ ಬರುವ ಬ್ಲಾಕ್‌ಗಳು ಹೀಗಿವೆ (ಎಸ್ ಎಂಬುದು ಲಾಪ್ಲಾಸ್ ಚರ):

ವಿದ್ಯುತ್ ಭಾಗ (ವೋಲ್ಟ್‌ನಿಂದ ಕರೆಂಟ್): 1 / (0.001 ಎಸ್ + 2)
ಯಾಂತ್ರಿಕ ಭಾಗ (ಟಾರ್ಕ್‌ನಿಂದ ವೇಗ): 1 / (0.0002 ಎಸ್ + 0.0001)
ಕರೆಂಟ್ ಪಿಐ: 4 + 8000/ಎಸ್
ವೇಗದ ಪಿಐ: 0.4 + 16/ಎಸ್
ವೇಗ ಅಳತೆಯ ಫಿಲ್ಟರ್: 1 / (0.001 ಎಸ್ + 1)

ಕರೆಂಟ್ ಪಿಐನ ಝೀರೋ (ಅಂಶ ಸೊನ್ನೆಯಾಗುವ ಬಿಂದು) −2000ದಲ್ಲಿದೆ, ವಿದ್ಯುತ್ ಭಾಗದ ಪೋಲ್ ಕೂಡ −2000ದಲ್ಲಿ. ಬೇಕೆಂದೇ ಹೀಗೆ ಇಟ್ಟದ್ದು. ಎರಡೂ ಹೊಡೆದುಹೋಗಿ ಲೂಪ್ ಗೇನ್ ಬರೀ 4000/ಎಸ್ ಆಗುತ್ತದೆ, ಕರೆಂಟ್ ಲೂಪ್‌ನ ಕ್ರಾಸ್‌ಓವರ್ (ಲೂಪ್ ಗೇನ್ 1ಕ್ಕೆ ಇಳಿಯುವ ಫ್ರೀಕ್ವೆನ್ಸಿ) ಸೆಕೆಂಡಿಗೆ 4000 ರೇಡಿಯನ್. ವೇಗದ ಲೂಪ್‌ನದು ಸುಮಾರು 200. ನಡುವೆ ಇಪ್ಪತ್ತು ಪಟ್ಟು ಅಂತರ ಇರುವುದರಿಂದ ಒಳಲೂಪ್ ಹೊರಲೂಪಿಗೆ ಅಡ್ಡ ಬರುವುದಿಲ್ಲ.

ಸ್ಟೇಟ್‌ಗಳನ್ನು ಈಗಲೇ ಎಣಿಸಿಟ್ಟುಕೊಳ್ಳಬೇಕು: ಎರಡು ಪಿಐಗಳಿಗೆ ಒಂದೊಂದು, ವಿದ್ಯುತ್ ಭಾಗಕ್ಕೆ ಒಂದು, ಯಾಂತ್ರಿಕಕ್ಕೆ ಒಂದು, ಫಿಲ್ಟರಿಗೆ ಒಂದು. ಒಟ್ಟು ಐದು. ಮುಂದೆ ಯಾವ ಆದೇಶ ಓಡಿಸಿದರೂ ಐದಕ್ಕಿಂತ ಹೆಚ್ಚು ಬಂದರೆ ಎಲ್ಲೋ ನಕಲು ಹುಟ್ಟಿದೆ. ಕಡಿಮೆ ಬಂದರೆ ಯಾವುದೋ ಭಾಗ ಕಳಚಿದೆ.

ಹದಿಮೂರು ಬಂದ ಬಗೆ

ಮೊದಲ ಮಾದರಿಯನ್ನು ಪಠ್ಯಪುಸ್ತಕದ ಸೂತ್ರದಂತೆಯೇ ಟೈಪ್ ಮಾಡಲಾಗಿತ್ತು: ಲೂಪ್ ಗೇನ್ ಅನ್ನು 'ಒಂದು ಕೂಡಿಸು ಲೂಪ್ ಗೇನ್'ನಿಂದ ಭಾಗಿಸುವುದು. ಕಾಗದದ ಮೇಲೆ ಛೇದದಲ್ಲಿರುವುದು ಮೇಲಕ್ಕೂ ಕೆಳಕ್ಕೂ ಹೊಡೆದುಹೋಗುತ್ತದೆ. ಸಾಫ್ಟ್‌ವೇರ್ ಹಾಗೆ ಹೊಡೆಯುವುದಿಲ್ಲ. ಅದಕ್ಕೆ ಅಂಶದಲ್ಲಿರುವ ಲೂಪ್ ಬೇರೆ, ಛೇದದಲ್ಲಿರುವ ಲೂಪ್ ಬೇರೆ. ಎರಡೂ ಒಂದೇ ವಸ್ತು ಎಂಬ ನೆನಪು ಅದಕ್ಕಿಲ್ಲ.

ಎಣಿಸಿದರೆ ಲೆಕ್ಕ ಸರಿಯಾಗಿ ಕೂರುತ್ತದೆ. ಕರೆಂಟ್ ಲೂಪ್‌ನ ಆರ್ಡರ್ 2, ಭಾಗಾಕಾರ ಮಾಡಿದ ಮೇಲೆ 4. ಅದಕ್ಕೆ ವೇಗದ ಪಿಐ ಮತ್ತು ಯಾಂತ್ರಿಕ ಭಾಗ ಸೇರಿ ಮುಂದಿನ ದಾರಿ 6. ಫಿಲ್ಟರ್ ಸೇರಿದ ಲೂಪ್ 7. ಮುಂದಿನ ದಾರಿಯನ್ನು 'ಒಂದು ಕೂಡಿಸು ಲೂಪ್'ನಿಂದ ಭಾಗಿಸಿದರೆ 6 ಮತ್ತು 7 ಕೂಡಿ 13. ಹೆಚ್ಚುವರಿ ಬಂದ ಎಂಟೂ ಝೀರೋ-ಪೋಲ್ ಜೋಡಿಗಳಾಗಿ ಕೂತಿರುತ್ತವೆ. ಇಂಟಿಗ್ರೇಟರ್‌ಗಳ ನಕಲುಗಳು ಸೊನ್ನೆಯ ಮೇಲೆ ಕೂರುವುದರಿಂದಲೇ ಸ್ಥಿರತೆಯ ಪರೀಕ್ಷೆ 'ಇಲ್ಲ' ಎಂದದ್ದು. ಡಿಸಿ ಗೇನ್ (ಎಲ್ಲ ನೆಲೆಗೆ ನಿಂತ ಮೇಲೆ ಔಟ್‌ಪುಟ್ ಇನ್‌ಪುಟ್‌ನ ಎಷ್ಟು ಪಟ್ಟು ಎಂಬುದು) ಕೇಳಿದರೂ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಸ್ಥಿತಿ.

ಇಲ್ಲಿ ಹಲವರು ತಲುಪುವ ಮದ್ದು ಮಿನ್‌ರಿಯಲ್ ಆದೇಶ. ಹೊಡೆದುಹೋಗಬೇಕಾದ ಜೋಡಿಗಳನ್ನು ಹುಡುಕಿ ತೆಗೆಯುವುದು ಅದರ ಕೆಲಸ. ಈ ಮಾದರಿಯಲ್ಲಿ ಅದನ್ನು ನಂಬುವಂತಿಲ್ಲ. −2000ದ ಪೋಲ್ ಇಲ್ಲಿ ನಾಲ್ಕು ಬಾರಿ ಬರುತ್ತದೆ. ಡಬಲ್ ಪ್ರಿಸಿಷನ್‌ನ ಸಾಪೇಕ್ಷ ದೋಷ ಸುಮಾರು 10⁻¹⁶. ನಾಲ್ಕು ಬಾರಿ ಮರುಕಳಿಸುವ ಮೂಲವನ್ನು ಬಹುಪದಿಯಿಂದ ಮತ್ತೆ ಹೊರತೆಗೆಯುವಾಗ ಆ ದೋಷದ ನಾಲ್ಕನೇ ಮೂಲದಷ್ಟು, ಅಂದರೆ 10⁻⁴ರಷ್ಟು, ಅದು ಚದುರುತ್ತದೆ. 2000ಕ್ಕೆ ಅದು 0.2. ಕೆಲವು ಸಲ ಕಾಂಪ್ಲೆಕ್ಸ್ ಜೋಡಿಯಾಗಿಯೂ ಕಾಣಿಸುತ್ತದೆ. ಮಿನ್‌ರಿಯಲ್‌ನ ಮೂಲ ಸಹನೆ ಮಾತ್ರ ಸುಮಾರು 1.5 × 10⁻⁸. ಅಷ್ಟು ದೂರ ಚದುರಿದ ಝೀರೋ ಮತ್ತು ಪೋಲ್ ಅದರ ಕಣ್ಣಿಗೆ ಜೋಡಿಯೇ ಅಲ್ಲ. ಸಹನೆಯನ್ನು ಹಿಗ್ಗಿಸಿದರೆ ನಿಜವಾಗಿ ಬೇಕಾದ ಪೋಲ್ ಕೂಡ ಹೋಗುವ ಅಪಾಯ. ಇನ್ನು ಗುಣಾಂಕಗಳ ಗಾತ್ರ: ಮೊದಲ ಗುಣಾಂಕವನ್ನು 1 ಮಾಡಿ ನೋಡಿದರೆ ಎಸ್‌ನ ಘನದ ಗುಣಾಂಕವೇ 10²⁷ ಮುಟ್ಟುತ್ತದೆ. ಇಂಥ ಬಹುಪದಿಯನ್ನು ಮುಂದಿನ ಯಾವ ಲೆಕ್ಕಕ್ಕೂ ಕೊಡಬಾರದು.

ಇದಕ್ಕೆ ಪರಿಹಾರ ಸರಳ, ಫೀಡ್‌ಬ್ಯಾಕ್ ಆದೇಶ. ಮುಂದಿನ ದಾರಿ ಒಂದು, ಹಿಂದಿನ ದಾರಿ ಒಂದು ಕೊಟ್ಟರೆ ಅದು ಲೂಪನ್ನು ಒಂದೇ ಸಲ ಎಣಿಸಿ ಮುಚ್ಚುತ್ತದೆ. ಕರೆಂಟ್ ಲೂಪ್ 2, ಮೇಲೆ ಎರಡು ಸೇರಿ 4, ಫಿಲ್ಟರ್ ಸೇರಿ 5. ಗಮನಿಸಬೇಕಾದ ಎರಡು ಸಂಗತಿಗಳಿವೆ. ಫೀಡ್‌ಬ್ಯಾಕ್ ಆದೇಶ ತಾನಾಗಿ ಋಣ ಚಿಹ್ನೆ ಹಾಕಿಕೊಳ್ಳುತ್ತದೆ, ಆದ್ದರಿಂದ ಹಿಂದಿನ ದಾರಿಯಲ್ಲಿ ನಾವೂ ಒಂದು ಮೈನಸ್ ಇಟ್ಟರೆ ಅದು ಧನ ಫೀಡ್‌ಬ್ಯಾಕ್ ಆಗಿಹೋಗುತ್ತದೆ. ಇನ್ನೊಂದು, ಸೀರೀಸ್ ಆದೇಶಕ್ಕೆ ಸಿಗ್ನಲ್ ಹರಿಯುವ ಕ್ರಮದಲ್ಲಿ ಬ್ಲಾಕ್ ಕೊಡಬೇಕು. ಗುಣಾಕಾರ ಚಿಹ್ನೆ ಬಳಸಿದರೆ ಕ್ರಮ ಅದರ ತಿರುವುಮುರುವು, ಕೊನೆಯ ಬ್ಲಾಕ್ ಎಡಕ್ಕೆ ಬರಬೇಕು. ಒಂದು ಇನ್‌ಪುಟ್, ಒಂದು ಔಟ್‌ಪುಟ್ ಇರುವಷ್ಟು ದಿನ ಇದು ಗೊತ್ತಾಗುವುದೇ ಇಲ್ಲ. ಬಹು ಇನ್‌ಪುಟ್‌ಗಳ ಮಾದರಿಗೆ ಬಂದಾಗ ಒಂದೋ ಗಾತ್ರ ಹೊಂದದೆ ದೋಷ ಬರುತ್ತದೆ, ಇಲ್ಲವೇ, ಇನ್ನೂ ಕೆಟ್ಟದ್ದು, ಗಾತ್ರ ಹೊಂದಿ ತಪ್ಪು ಉತ್ತರ ಬರುತ್ತದೆ.

ಕಾಣೆಯಾದ 10 ವೋಲ್ಟ್

ಆರ್ಡರ್ ಐದಕ್ಕೆ ಇಳಿಯಿತು, ಸ್ಥಿರತೆಯ ಪರೀಕ್ಷೆಯೂ ದಾಟಿತು. ವೋಲ್ಟೇಜ್ ಮಾತ್ರ ಹಾಗೆಯೇ 0.2ರಲ್ಲಿ ನಿಂತಿತು. ಕಾರಣ, ಮಾದರಿಯಲ್ಲಿ ಬ್ಯಾಕ್ ಇಎಮ್‌ಎಫ್ ಇರಲೇ ಇಲ್ಲ. ವಿದ್ಯುತ್ ಭಾಗ, ಟಾರ್ಕ್ ಸ್ಥಿರಾಂಕ, ಯಾಂತ್ರಿಕ ಭಾಗ ಮೂರನ್ನೂ ಸಾಲಾಗಿ ಗುಣಿಸಲಾಗಿತ್ತು.

ಬ್ಯಾಕ್ ಇಎಮ್‌ಎಫ್ ಸಣ್ಣ ತಿದ್ದುಪಡಿಯೇನಲ್ಲ. ಅದಿಲ್ಲದೆ ಮೋಟಾರ್‌ನ ಡಿಸಿ ಗೇನ್ ವೋಲ್ಟಿಗೆ 500 ರೇಡಿಯನ್/ಸೆಕೆಂಡ್, ಪೋಲ್‌ಗಳು −0.5 ಮತ್ತು −2000. ಅದನ್ನು ಸೇರಿಸಿದರೆ ಟ್ರಾನ್ಸ್‌ಫರ್ ಫಂಕ್ಷನ್ 0.1 / (0.0000002 ಎಸ್² + 0.0004001 ಎಸ್ + 0.0102), ಗೇನ್ 9.8, ಪೋಲ್‌ಗಳು −25.8 ಮತ್ತು −1974.7. ನಿಧಾನದ ಪೋಲ್ ಐವತ್ತು ಪಟ್ಟು ಜಾಗ ಬಿಟ್ಟು ಸರಿದಿದೆ. ಚಿಹ್ನೆ ತಪ್ಪಿ ಕೂಡಿಸಿಬಿಟ್ಟರೆ +24.2ರಲ್ಲಿ ಪೋಲ್ ಬಂದು ಮೋಟಾರ್ ತಾನಾಗಿಯೇ ಅಸ್ಥಿರ. ಆ ತಪ್ಪನ್ನು ಹಿಡಿಯುವುದು ಸುಲಭ. ಕಂಟ್ರೋಲರ್ ಇಲ್ಲದಿದ್ದರೂ ಇಂಥ ಡಿಸಿ ಮೋಟಾರ್ ಹಾಗೆ ಓಡಿಹೋಗುವುದಿಲ್ಲ. ಪೂರ್ತಿ ಬಿಟ್ಟುಬಿಟ್ಟದ್ದನ್ನು ಹಿಡಿಯುವುದೇ ಕಷ್ಟ.

ಯಾಕೆ ಕಷ್ಟ? ಕರೆಂಟ್ ಲೂಪ್‌ನಲ್ಲಿ ಇಂಟಿಗ್ರೇಟರ್ ಇದೆ. ಬ್ಯಾಕ್ ಇಎಮ್‌ಎಫ್ ಅದಕ್ಕೆ ನಿಧಾನವಾಗಿ ಬದಲಾಗುವ ಒಂದು ಹೊರಗಿನ ತೊಂದರೆ ಅಷ್ಟೆ, ಅದು ನುಂಗಿಕೊಳ್ಳುತ್ತದೆ. ಹೊರಗಿನ ಲೂಪಿಗೆ ಕಾಣುವುದು ಕೇಳಿದ ಕರೆಂಟ್ ಸಿಕ್ಕಿತು ಎಂಬುದು ಮಾತ್ರ. ಹೀಗಾಗಿ ವೇಗದ ಗ್ರಾಫ್ ಎರಡೂ ಮಾದರಿಗಳಲ್ಲಿ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಪೂರ್ತಿ ಕಂಟ್ರೋಲರ್ ಹೊರಹಾಕುವ ವೋಲ್ಟೇಜ್‌ನಲ್ಲಿ ಅಡಗಿರುತ್ತದೆ. ಅದನ್ನು ಔಟ್‌ಪುಟ್ ಪಟ್ಟಿಗೆ ಸೇರಿಸದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಪರಿಣಾಮ ಮಾತ್ರ ದೊಡ್ಡದು: 24 ವೋಲ್ಟ್‌ನಲ್ಲಿ ಈ ಮೋಟಾರ್ ಹೊರೆಯಿಲ್ಲದೆ ಮುಟ್ಟಬಲ್ಲ ವೇಗ ಸೆಕೆಂಡಿಗೆ 235 ರೇಡಿಯನ್, ಅಂದರೆ ನಿಮಿಷಕ್ಕೆ ಸುಮಾರು 2250 ಸುತ್ತು. ತಪ್ಪು ಮಾದರಿಯನ್ನು ಕೇಳಿದರೆ 12,000 ರೇಡಿಯನ್ ಎನ್ನುತ್ತದೆ.

ಬ್ಯಾಕ್ ಇಎಮ್‌ಎಫ್ ಬಿಟ್ಟುಹೋದದ್ದಕ್ಕೆ ಜೋಡಿಸುವ ವಿಧಾನವೂ ಒಂದು ಕಾರಣ. ಒಂದರೊಳಗೊಂದು ಕೂರುವ ಲೂಪ್‌ಗಳಿಗೆ ಫೀಡ್‌ಬ್ಯಾಕ್ ಆದೇಶವನ್ನು ಒಳಗಿನಿಂದ ಹೊರಕ್ಕೆ ಹಾಕುತ್ತ ಹೋಗಬಹುದು. ಇಲ್ಲಿ ಹಾಗಿಲ್ಲ. ಕರೆಂಟ್ ಲೂಪ್ ಕರೆಂಟ್‌ನಿಂದ ಹೊರಟು ಕಂಟ್ರೋಲರ್‌ಗೆ ಹೋಗುತ್ತದೆ; ಬ್ಯಾಕ್ ಇಎಮ್‌ಎಫ್ ವೇಗದಿಂದ ಹೊರಟು ಕರೆಂಟ್ ಲೂಪ್‌ನ ಹೊಟ್ಟೆಯೊಳಕ್ಕೆ ಬರುತ್ತದೆ. ಎರಡೂ ಒಂದರ ಮೇಲೊಂದು ಹಾದುಹೋಗಿವೆ. ಬ್ಲಾಕ್ ಡಯಾಗ್ರಾಮ್ ಸುಲಭೀಕರಣದ ನಿಯಮದಂತೆ ಕರೆಂಟ್ ತೆಗೆಯುವ ಬಿಂದುವನ್ನು ವೇಗದ ಕಡೆಗೆ ಸರಿಸಬಹುದು, ಆದರೆ ಆಗ ಯಾಂತ್ರಿಕ ಭಾಗವನ್ನು ತಲೆಕೆಳಗು ಮಾಡಬೇಕು. 0.0002 ಎಸ್ + 0.0001 ಎಂಬ ಛೇದವಿಲ್ಲದ ಬ್ಲಾಕ್ ಬರುತ್ತದೆ, ಅದು ಡಿಫರೆನ್ಶಿಯೇಟರ್. ಹೊಡೆದುಹೋಗಬೇಕಾದ ಜೋಡಿಗಳು ಮತ್ತೆ ಹಾಜರ್. ಇಷ್ಟು ಕಸರತ್ತು ಬೇಡವೆಂದು ಆ ಗೆರೆಯನ್ನೇ ಕೈಬಿಡುವುದು ಸಾಮಾನ್ಯ.

ಹೆಸರು ಕೊಟ್ಟು ತಂತಿ ಎಳೆಯುವುದು

ಬೀಜಗಣಿತ ಮಾಡುವ ಕೆಲಸವನ್ನು ಪೂರ್ತಿ ಸಾಫ್ಟ್‌ವೇರ್‌ಗೆ ಬಿಟ್ಟು, ನಾವು ಯಾವ ಸಿಗ್ನಲ್ ಎಲ್ಲಿಂದ ಎಲ್ಲಿಗೆ ಎಂಬುದನ್ನಷ್ಟೇ ಹೇಳುವುದು ಸರಿಯಾದ ದಾರಿ. ಪ್ರತಿ ಬ್ಲಾಕಿನ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಹೆಸರು ಕೊಡಿ. ಕೂಡುವ-ಕಳೆಯುವ ಜಾಗಗಳನ್ನು ಸಮ್‌ಬ್ಲಾಕ್ ಆದೇಶದಿಂದ ಬರೆಯಿರಿ. ಕೊನೆಗೆ ಕನೆಕ್ಟ್. ಒಂದೇ ಹೆಸರಿರುವ ತುದಿಗಳನ್ನು ಅದು ತಾನೇ ಸೇರಿಸುತ್ತದೆ.

ಈ ಡ್ರೈವ್‌ನ ಕೂಡುವ ಜಾಗಗಳು ನಾಲ್ಕು:

ವೇಗದೋಷ = ಗುರಿವೇಗ − ಅಳೆದವೇಗ
ಕರೆಂಟ್‌ದೋಷ = ಕರೆಂಟ್‌ಗುರಿ − ಕರೆಂಟ್
ನಿವ್ವಳವೋಲ್ಟ್ = ವೋಲ್ಟ್ − ಬ್ಯಾಕ್‌ವೋಲ್ಟ್
ನಿವ್ವಳಟಾರ್ಕ್ = ಟಾರ್ಕ್ − ಹೊರೆ

ಬ್ಲಾಕ್‌ಗಳು ಏಳು: ವೇಗದ ಪಿಐ (ವೇಗದೋಷದಿಂದ ಕರೆಂಟ್‌ಗುರಿ), ಕರೆಂಟ್ ಪಿಐ (ಕರೆಂಟ್‌ದೋಷದಿಂದ ವೋಲ್ಟ್), ವಿದ್ಯುತ್ ಭಾಗ (ನಿವ್ವಳವೋಲ್ಟ್‌ನಿಂದ ಕರೆಂಟ್), 0.1ರ ಗೇನ್ (ಕರೆಂಟ್‌ನಿಂದ ಟಾರ್ಕ್), ಯಾಂತ್ರಿಕ ಭಾಗ (ನಿವ್ವಳಟಾರ್ಕ್‌ನಿಂದ ವೇಗ), ಇನ್ನೊಂದು 0.1ರ ಗೇನ್ (ವೇಗದಿಂದ ಬ್ಯಾಕ್‌ವೋಲ್ಟ್), ಫಿಲ್ಟರ್ (ವೇಗದಿಂದ ಅಳೆದವೇಗ). ಹೊರಗಿನ ಇನ್‌ಪುಟ್ ಎರಡು: ಗುರಿವೇಗ, ಹೊರೆ. ಔಟ್‌ಪುಟ್ ಮೂರು: ವೇಗ, ಕರೆಂಟ್, ವೋಲ್ಟ್. ಮೂರನೆಯದನ್ನು ಮರೆಯಬಾರದು.

ಬ್ಲಾಕ್‌ಗಳನ್ನು ಮೊದಲೇ ಸ್ಟೇಟ್-ಸ್ಪೇಸ್ (ಸ್ಟೇಟ್‌ಗಳ ಸಮೀಕರಣಗಳನ್ನು ಎ, ಬಿ, ಸಿ, ಡಿ ಮ್ಯಾಟ್ರಿಕ್ಸ್‌ಗಳಲ್ಲಿ ಬರೆಯುವ) ರೂಪಕ್ಕೆ ತಿರುಗಿಸಿಟ್ಟರೆ ಒಳ್ಳೆಯದು. ಟ್ರಾನ್ಸ್‌ಫರ್ ಫಂಕ್ಷನ್ ಮತ್ತು ಸ್ಟೇಟ್-ಸ್ಪೇಸ್ ಬೆರೆತರೆ ಮ್ಯಾಟ್‌ಲ್ಯಾಬ್ ಹೇಗೂ ಉತ್ತರವನ್ನು ಸ್ಟೇಟ್-ಸ್ಪೇಸ್‌ನಲ್ಲೇ ಕೊಡುತ್ತದೆ. ಅಳತೆಯಿಂದ ಬಂದ ಫ್ರೀಕ್ವೆನ್ಸಿ ರೆಸ್ಪಾನ್ಸ್ ಡೇಟಾ ಒಂದೇ ಒಂದು ಬ್ಲಾಕ್‌ನಲ್ಲಿದ್ದರೂ ಉತ್ತರ ಪೂರ್ತಿ ಆ ಡೇಟಾ ರೂಪಕ್ಕೆ ಹೋಗುತ್ತದೆ, ಆಮೇಲೆ ಸ್ಟೆಪ್ ರೆಸ್ಪಾನ್ಸ್ ತೆಗೆಯಲಾಗುವುದಿಲ್ಲ. ಅಂಥ ಬ್ಲಾಕ್ ಇದ್ದರೆ ಎರಡು ಪ್ರತ್ಯೇಕ ಮಾದರಿ ಇಟ್ಟುಕೊಳ್ಳುವುದೇ ವಾಸಿ.

ಕನೆಕ್ಟ್‌ನ ದೊಡ್ಡ ದೌರ್ಬಲ್ಯ ಕಾಗುಣಿತ. 'ಅಳೆದವೇಗ' ಎಂಬುದನ್ನು ಒಂದು ಕಡೆ ಒಂದಕ್ಷರ ತಪ್ಪಿ ಬರೆದರೆ ಲೂಪ್ ಅಲ್ಲಿಯೇ ತುಂಡಾಗುತ್ತದೆ. ಬಳಕೆಯಾಗದ ತುದಿ ಇದೆ ಎಂಬ ಎಚ್ಚರಿಕೆ ಬರುತ್ತದೆ, ದೋಷವಾಗಿ ನಿಲ್ಲುವುದಿಲ್ಲ. ಸ್ಕ್ರಿಪ್ಟ್‌ನ ಆರಂಭದಲ್ಲಿ ಎಚ್ಚರಿಕೆಗಳನ್ನು ಆಫ್ ಮಾಡಿಡುವ ಅಭ್ಯಾಸವಿದ್ದವರಿಗೆ ಅದೂ ಕಾಣದು. ಜೊತೆಗೆ, ಕೇಳಿದ ಇನ್‌ಪುಟ್‌ನಿಂದ ಔಟ್‌ಪುಟ್‌ವರೆಗಿನ ದಾರಿಯಲ್ಲಿ ಬಾರದ ಸ್ಟೇಟ್‌ಗಳನ್ನು ಕನೆಕ್ಟ್ ತಾನಾಗಿ ತೆಗೆದುಹಾಕುತ್ತದೆ. ಹಾಗಾಗಿ ಫೀಡ್‌ಬ್ಯಾಕ್ ತುಂಡಾಗಿದ್ದರೆ ಫಿಲ್ಟರ್‌ನ ಸ್ಟೇಟ್ ಮಾಯವಾಗಿ ಆರ್ಡರ್ 4 ಬರುತ್ತದೆ. ಮೊದಲೇ ಎಣಿಸಿಟ್ಟ ಐದು ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ತೆಗೆಯುವಿಕೆ ಬೇಡವಾದರೆ ಕನೆಕ್ಟ್‌ಆಪ್ಷನ್ಸ್‌ನಲ್ಲಿ ಸಿಂಪ್ಲಿಫೈ ಆಫ್ ಮಾಡಬಹುದು.

ಕನೆಕ್ಟ್ ಬೇಡವೆನ್ನುವವರಿಗೆ ಇನ್ನೊಂದು ದಾರಿಯೂ ಇದೆ. ಮೋಟಾರನ್ನು ಮಾತ್ರ ಎರಡು ಸ್ಟೇಟ್‌ಗಳ ಸ್ಟೇಟ್-ಸ್ಪೇಸ್ ಆಗಿ, ವೋಲ್ಟ್ ಮತ್ತು ಹೊರೆ ಇನ್‌ಪುಟ್, ಕರೆಂಟ್ ಮತ್ತು ವೇಗ ಔಟ್‌ಪುಟ್ ಆಗಿ ಕೈಯಲ್ಲೇ ಬರೆಯುವುದು. ಆಮೇಲೆ ಫೀಡ್‌ಬ್ಯಾಕ್ ಆದೇಶಕ್ಕೆ ಯಾವ ಔಟ್‌ಪುಟ್‌ನಿಂದ ಯಾವ ಇನ್‌ಪುಟ್‌ಗೆ ಎಂದು ಸಂಖ್ಯೆ ಕೊಟ್ಟು ಕರೆಂಟ್ ಲೂಪ್ ಮುಚ್ಚುವುದು. ಚಿಕ್ಕ ಮಾದರಿಗೆ ಇದು ಸಾಕು. ಬ್ಲಾಕ್ ಒಂದು ಹೆಚ್ಚಾದರೆ ಸಂಖ್ಯೆಗಳೆಲ್ಲ ಪಲ್ಲಟವಾಗುತ್ತವೆ, ಅಷ್ಟೇ ಅದರ ಕಿರಿಕಿರಿ.

ಕೈಲೆಕ್ಕದ ತಾಳೆ

ಜೋಡಿಸಿದ ಮಾದರಿಯನ್ನು ಗ್ರಾಫ್ ನೋಡಿ ಒಪ್ಪಬಾರದು. ಪೆನ್ಸಿಲ್‌ನಲ್ಲಿ ಹಾಕಬಹುದಾದ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಡಿಸಿ ಗೇನ್ ಆದೇಶ ಇಲ್ಲಿ ಮೂರು ಸಾಲು, ಎರಡು ಕಂಬದ ಕೋಷ್ಟಕ ಕೊಡುತ್ತದೆ.

ಗುರಿವೇಗದ ಕಂಬ: ವೇಗಕ್ಕೆ 1 (ಇಂಟಿಗ್ರೇಟರ್ ಇರುವುದರಿಂದ), ಕರೆಂಟ್‌ಗೆ 0.001 (ಘರ್ಷಣೆ ಭಾಗಿಸು ಟಾರ್ಕ್ ಸ್ಥಿರಾಂಕ), ವೋಲ್ಟ್‌ಗೆ 0.102 (ರೆಸಿಸ್ಟೆನ್ಸ್‌ಗೆ 0.002, ಬ್ಯಾಕ್ ಇಎಮ್‌ಎಫ್‌ಗೆ 0.1).
ಹೊರೆಯ ಕಂಬ: ವೇಗಕ್ಕೆ 0, ಕರೆಂಟ್‌ಗೆ 10, ವೋಲ್ಟ್‌ಗೆ 20.

ಈ ಆರು ಸಂಖ್ಯೆಗಳಲ್ಲಿ ಒಂದು ತಪ್ಪಿದರೂ ತಂತಿ ಎಲ್ಲಿ ತಪ್ಪಿದೆ ಎಂಬುದು ಆ ಸಂಖ್ಯೆಯಿಂದಲೇ ಗೊತ್ತಾಗುತ್ತದೆ. 0.102 ಇರಬೇಕಾದ ಕಡೆ 0.002 ಬಂದರೆ ಬ್ಯಾಕ್ ಇಎಮ್‌ಎಫ್ ಇಲ್ಲ. −0.098 ಬಂದರೆ ಅದರ ಚಿಹ್ನೆ ಉಲ್ಟಾ. ಹೊರೆಯಿಂದ ಕರೆಂಟ್‌ಗೆ −10 ಬಂದರೆ ಹೊರೆಯ ಚಿಹ್ನೆ ಉಲ್ಟಾ. ಮೊದಲ ಸಾಲಿನ 1 ಮತ್ತು 0 ಮಾತ್ರ ಏನನ್ನೂ ಹೇಳುವುದಿಲ್ಲ. ಲೂಪ್ ಸ್ಥಿರವಾಗಿ ಮುಚ್ಚಿದ್ದರೆ ಇಂಟಿಗ್ರೇಟರ್ ಅವನ್ನು ಯಾವಾಗಲೂ ಸರಿ ಮಾಡಿಕೊಳ್ಳುತ್ತದೆ. ದುರದೃಷ್ಟಕ್ಕೆ ಜನ ನೋಡುವುದು ಆ ಎರಡನ್ನೇ.

ಎರಡನೇ ತಾಳೆ ಪೋಲ್‌ಗಳ ಮೊತ್ತ. ಎ ಮ್ಯಾಟ್ರಿಕ್ಸ್‌ನ ಕರ್ಣದ ಮೊತ್ತಕ್ಕೆ ಅದು ಸಮ. ವಿದ್ಯುತ್ ಸ್ಟೇಟ್‌ಗೆ −(2+4)/0.001, ಅಂದರೆ −6000, ಯಾಂತ್ರಿಕಕ್ಕೆ −0.5, ಫಿಲ್ಟರಿಗೆ −1000, ಎರಡು ಇಂಟಿಗ್ರೇಟರ್‌ಗಳಿಗೆ ಸೊನ್ನೆ. ಒಟ್ಟು −7000.5. ಸರಿಯಾಗಿ ಜೋಡಿಸಿದ ಮಾದರಿಯ ಪೋಲ್‌ಗಳು ಸುಮಾರು −53, −222, −664, −2021, −4041, ಕೂಡಿದರೆ ತಾಳೆಯಾಗುತ್ತದೆ.

ಆ −2021ರ ಕಡೆ ಒಂದು ಕಣ್ಣಿರಲಿ. ಪಿಐನ ಝೀರೋ ಹೊಡೆದುಹಾಕಿದ್ದ ವಿದ್ಯುತ್ ಪೋಲ್ ಇದೇ. ಬ್ಯಾಕ್ ಇಎಮ್‌ಎಫ್ ಇಲ್ಲದ ಮಾದರಿಯಲ್ಲಿ ಗುರಿವೇಗದಿಂದ ನೋಡಿದರೆ ಇದು ಕಾಣುವುದೇ ಇಲ್ಲ. ಮಿನ್‌ರಿಯಲ್ ಹಾಕಿದರೆ ಹಾರಿಹೋಗುತ್ತದೆ. ಆದರೆ ಬ್ಯಾಕ್ ಇಎಮ್‌ಎಫ್ ನೇರವಾಗಿ ವಿದ್ಯುತ್ ಭಾಗದ ಬಾಗಿಲಿಗೆ ಬಂದು ಇದನ್ನು ಎಬ್ಬಿಸುತ್ತದೆ. ಒಂದು ಜೋಡಿ ಇನ್‌ಪುಟ್-ಔಟ್‌ಪುಟ್‌ಗೆ ಬೇಡವಾದ ಸ್ಟೇಟ್ ಇನ್ನೊಂದು ಜೋಡಿಗೆ ಬೇಕು. ಹೀಗಾಗಿ ಮಿನ್‌ರಿಯಲ್ ಬೇಕೇಬೇಕು ಎನ್ನಿಸಿದರೆ ಎಲ್ಲ ಇನ್‌ಪುಟ್, ಎಲ್ಲ ಔಟ್‌ಪುಟ್ ಸೇರಿದ ಮೇಲೆ, ಕೊನೆಯಲ್ಲಿ, ಒಂದೇ ಸಲ. ನಡುವೆ ಎಲ್ಲೂ ಬೇಡ.

ಮೂರನೆಯದು ಡಿ ಮ್ಯಾಟ್ರಿಕ್ಸ್. ಗುರಿವೇಗದಿಂದ ವೋಲ್ಟ್‌ಗೆ ನೇರ ದಾಟುವ ಗೇನ್ 0.4 ಗುಣಿಸು 4, ಅಂದರೆ 1.6 ಇರಬೇಕು. ಇದರಿಂದ ಇನ್ನೊಂದು ಉಪಯೋಗವೂ ಇದೆ: 24 ವೋಲ್ಟ್ ಸಪ್ಲೈಗೆ, ನಿಂತ ಮೋಟಾರಿಗೆ ಸೆಕೆಂಡಿಗೆ 15 ರೇಡಿಯನ್‌ಗಿಂತ ದೊಡ್ಡ ಸ್ಟೆಪ್ ಕೊಟ್ಟರೆ ಮೊದಲ ಕ್ಷಣದಲ್ಲೇ ಸ್ಯಾಚುರೇಷನ್. 100 ರೇಡಿಯನ್ ಸ್ಟೆಪ್‌ಗೆ ಮಾದರಿ 160 ವೋಲ್ಟ್ ಕೇಳುತ್ತದೆ, ಕೊಟ್ಟೆ ಎಂದುಕೊಂಡು ಮುಂದೆ ಹೋಗುತ್ತದೆ. ಲೀನಿಯರ್ ಮಾದರಿಗೆ ಸಪ್ಲೈ ಎಂಬುದು ಗೊತ್ತಿಲ್ಲ.

ವಿಳಂಬ ಸೇರಿದಾಗ

ಕರೆಂಟ್ ಲೂಪ್ 10 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತದೆ. ಲೆಕ್ಕಕ್ಕೆ ಒಂದು ಸ್ಯಾಂಪಲ್, ಪಿಡಬ್ಲ್ಯುಎಮ್ (ಸಪ್ಲೈಯನ್ನು ವೇಗವಾಗಿ ಆನ್-ಆಫ್ ಮಾಡಿ ಬೇಕಾದ ವೋಲ್ಟೇಜ್ ಕೊಡುವ ವಿಧಾನ) ಹಿಡಿದಿಡುವುದಕ್ಕೆ ಅರ್ಧ ಸ್ಯಾಂಪಲ್, ಒಟ್ಟು 150 ಮೈಕ್ರೋಸೆಕೆಂಡ್ ವಿಳಂಬ. 4000 ರೇಡಿಯನ್‌ನಲ್ಲಿ ಅದು 0.6 ರೇಡಿಯನ್, ಅಂದರೆ 34 ಡಿಗ್ರಿ. ಫೇಸ್ ಮಾರ್ಜಿನ್ (ಲೂಪ್ ಅಸ್ಥಿರವಾಗುವ ಮುನ್ನ ಉಳಿದಿರುವ ಫೇಸ್ ಅಂತರ) 90ರಿಂದ 56ಕ್ಕೆ ಇಳಿಯುತ್ತದೆ. ಪರವಾಗಿಲ್ಲ.

ವೋಲ್ಟ್ ಮತ್ತು ನಿವ್ವಳವೋಲ್ಟ್ ನಡುವೆ ಈ ವಿಳಂಬದ ಬ್ಲಾಕ್ ಸೇರಿಸಿದಾಗ ಮ್ಯಾಟ್‌ಲ್ಯಾಬ್ ಅದನ್ನು ಆಂತರಿಕ ವಿಳಂಬವಾಗಿ ಸ್ಟೇಟ್-ಸ್ಪೇಸ್‌ನಲ್ಲಿ ಹಿಡಿದಿಡುತ್ತದೆ. ಲೂಪ್ ಒಳಗಿನ ವಿಳಂಬವನ್ನು ಟ್ರಾನ್ಸ್‌ಫರ್ ಫಂಕ್ಷನ್ ರೂಪದಲ್ಲಿ ಬರೆಯಲಾಗುವುದಿಲ್ಲ. ಸ್ಟೆಪ್ ಗ್ರಾಫ್, ಬೋಡೆ ಗ್ರಾಫ್ ಎರಡೂ ನಿಖರವಾಗಿ ಬರುತ್ತವೆ. ಅಪಾಯ ಪೋಲ್ ಆದೇಶದಲ್ಲಿದೆ. ಆಂತರಿಕ ವಿಳಂಬವಿರುವ ಮಾದರಿಗೆ ಅದು ವಿಳಂಬವನ್ನು ಸೊನ್ನೆ ಮಾಡಿಕೊಂಡು ಪೋಲ್ ಎಣಿಸುತ್ತದೆ. ಈ ಡ್ರೈವ್‌ನಲ್ಲಿ ವಿಳಂಬ ಸುಮಾರು 390 ಮೈಕ್ರೋಸೆಕೆಂಡ್ ದಾಟಿದರೆ ಕರೆಂಟ್ ಲೂಪ್ ಅಸ್ಥಿರ. 500 ಇಟ್ಟು ಪೋಲ್ ಕೇಳಿದರೂ ಅವೇ ಐದು, ಎಲ್ಲವೂ ಎಡಗಡೆಯಲ್ಲಿ, ಆರಾಮಾಗಿ ಕೂತಿರುತ್ತವೆ. ವಿಳಂಬವಿದ್ದರೆ ಮಾರ್ಜಿನ್ ನೋಡಿ, ಅಥವಾ ಪಡೆ (Padé) ಅಂದಾಜು, ಅಂದರೆ ವಿಳಂಬದ ಬದಲು ಅದಕ್ಕೆ ಹತ್ತಿರದ ಟ್ರಾನ್ಸ್‌ಫರ್ ಫಂಕ್ಷನ್, ಹಾಕಿದ ಮೇಲೆ ಪೋಲ್ ನೋಡಿ. ಎರಡನೇ ಆರ್ಡರ್ ಪಡೆ ಹಾಕಿದರೆ ಸ್ಟೇಟ್ ಐದರಿಂದ ಏಳಾಗುತ್ತದೆ.

ಮಾರ್ಜಿನ್ ತೆಗೆಯಲು ಲೂಪನ್ನು ಕತ್ತರಿಸಿ ಮತ್ತೊಂದು ಮಾದರಿ ಕಟ್ಟಬೇಕಿಲ್ಲ. ಕನೆಕ್ಟ್‌ಗೆ ಕೊನೆಯಲ್ಲಿ ಕರೆಂಟ್‌ಗುರಿ ಎಂಬ ಹೆಸರನ್ನು ಅನಾಲಿಸಿಸ್ ಪಾಯಿಂಟ್ ಆಗಿ ಕೊಟ್ಟು, ಗೆಟ್‌ಲೂಪ್‌ಟ್ರಾನ್ಸ್‌ಫರ್ ಕೇಳಿದರೆ ಸಾಕು. ಒಂದೇ ಎಚ್ಚರ: ಅದರ ಮೂಲ ರೂಢಿ ಧನ ಫೀಡ್‌ಬ್ಯಾಕ್‌ನದು. ನಮ್ಮ ಋಣ ಲೂಪಿಗೆ −1 ಎಂದು ಸ್ಪಷ್ಟವಾಗಿ ಕೊಡಬೇಕು, ಇಲ್ಲದಿದ್ದರೆ ಫೇಸ್ 180 ಡಿಗ್ರಿ ತಿರುಗಿ ಮಾರ್ಜಿನ್‌ಗಳೆಲ್ಲ ಅರ್ಥವಿಲ್ಲದ್ದಾಗುತ್ತವೆ. ವೇಗದ ಲೂಪಿಗೆ ಇಲ್ಲಿ ಸುಮಾರು 65 ಡಿಗ್ರಿ ಬರಬೇಕು. ವೇಗದ ಪಿಐ 1 ಕಿಲೋಹರ್ಟ್ಸ್‌ನಲ್ಲಿ ನಡೆಯುವುದಾದರೆ ಇನ್ನೂ 1.5 ಮಿಲಿಸೆಕೆಂಡ್ ವಿಳಂಬ ಸೇರಿ 17 ಡಿಗ್ರಿ ಹೋಗುತ್ತದೆ, 48 ಉಳಿಯುತ್ತದೆ.

ಡಿಸ್ಕ್ರೀಟ್ ಮಾದರಿಯಲ್ಲೇ ಕೆಲಸ ಮಾಡುವುದಾದರೆ ಎರಡು ಬೇರೆ ಸ್ಯಾಂಪಲ್ ಕಾಲದ ಬ್ಲಾಕ್‌ಗಳು ನೇರ ಸೇರುವುದಿಲ್ಲ, ಸಾಫ್ಟ್‌ವೇರ್ ದೋಷ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ. ಸದ್ದಿಲ್ಲದೆ ಆಗುವ ತಪ್ಪು ಬೇರೆ: ವಿದ್ಯುತ್ ಭಾಗ, ಯಾಂತ್ರಿಕ ಭಾಗಗಳನ್ನು ಒಂದೊಂದಾಗಿ ಝೀರೋ-ಆರ್ಡರ್-ಹೋಲ್ಡ್‌ನಿಂದ (ಇನ್‌ಪುಟ್ ಅನ್ನು ಒಂದು ಸ್ಯಾಂಪಲ್ ಪೂರ್ತಿ ಹಾಗೆಯೇ ಹಿಡಿದಿಡುವುದು) ಡಿಸ್ಕ್ರೀಟ್ ಮಾಡಿ ಆಮೇಲೆ ಜೋಡಿಸುವುದು. ನಿಜವಾದ ಹೋಲ್ಡ್ ಇರುವುದು ವೋಲ್ಟೇಜ್‌ನಲ್ಲಿ ಒಂದೇ ಕಡೆ. ಟಾರ್ಕ್ ನಡುವೆ ಯಾವ ಹೋಲ್ಡ್ ಇಲ್ಲ. ಪ್ರತಿ ಹೆಚ್ಚುವರಿ ಹೋಲ್ಡ್ ಅರ್ಧ ಸ್ಯಾಂಪಲ್‌ನಷ್ಟು ಇಲ್ಲದ ವಿಳಂಬ ಸೇರಿಸುತ್ತದೆ. ಮೋಟಾರ್ ಪೂರ್ತಿ ಕಂಟಿನ್ಯೂಯಸ್‌ನಲ್ಲಿ ಜೋಡಿಸಿ, ಬ್ಯಾಕ್ ಇಎಮ್‌ಎಫ್ ಮುಚ್ಚಿದ ಮೇಲೆ, ಒಮ್ಮೆ ಮಾತ್ರ ಡಿಸ್ಕ್ರೀಟ್ ಮಾಡಬೇಕು.

ಮಾದರಿ ಚಿಕ್ಕದಾಗಲೆಂದು ಇಂಡಕ್ಟೆನ್ಸ್ ಬಿಟ್ಟುಬಿಡುವ ಚಪಲವೂ ಇದೆ. ಆಗ ವಿದ್ಯುತ್ ಭಾಗ ಬರೀ 0.5ರ ಗೇನ್, ಪಿಐನ ನೇರ ಗೇನ್ 4. ಲೂಪ್ ಸುತ್ತ ಗೇನ್ 2 ಇರುವ ಆಲ್ಜಿಬ್ರಾಯಿಕ್ ಲೂಪ್, ಅಂದರೆ ಯಾವ ತಡವೂ ಇಲ್ಲದೆ ತನ್ನನ್ನೇ ತಲುಪುವ ಲೂಪ್. ಸಾಫ್ಟ್‌ವೇರ್ ತಕರಾರಿಲ್ಲದೆ ಅದನ್ನು ಬಿಡಿಸಿ, ಕರೆಂಟ್ ಕ್ಷಣಮಾತ್ರದಲ್ಲಿ ಗುರಿಯ ಮೂರರಲ್ಲಿ ಎರಡರಷ್ಟು ಏರುತ್ತದೆ ಎನ್ನುತ್ತದೆ. ಪ್ರೊಸೆಸರ್‌ನಲ್ಲಿ ಒಂದು ಸ್ಯಾಂಪಲ್ ವಿಳಂಬ ಇದ್ದೇ ಇರುತ್ತದೆ. ಅದೇ ಬ್ಲಾಕ್‌ಗಳಿಗೆ ಆ ವಿಳಂಬ ಸೇರಿಸಿ ಪ್ರೊಪೋರ್ಷನಲ್ ಭಾಗವನ್ನಷ್ಟೇ ನೋಡಿದರೆ ಡಿಸ್ಕ್ರೀಟ್ ಪೋಲ್ −2ರಲ್ಲಿ, ಪ್ರತಿ ಸ್ಯಾಂಪಲ್‌ಗೂ ದ್ವಿಗುಣವಾಗುತ್ತ ಚಿಹ್ನೆ ಬದಲಿಸುವ ಕರೆಂಟ್. ಕಂಟಿನ್ಯೂಯಸ್‌ನಲ್ಲಿ ಪೂರ್ತಿ ಸ್ಥಿರ, ಡಿಸ್ಕ್ರೀಟ್‌ನಲ್ಲಿ ಪೂರ್ತಿ ಅಸ್ಥಿರ. ಎರಡೂ ನಿಜವಾದ ಮೋಟಾರ್ ಅಲ್ಲ. 1 ಮಿಲಿಹೆನ್ರಿಯನ್ನು ಅದರ ಪಾಡಿಗೆ ಬಿಡುವುದು ಮೇಲು.

ಮಾನಗಳು, ಬೇರೆ ಸಾಫ್ಟ್‌ವೇರ್‌ಗಳು

ಸಿಗ್ನಲ್‌ಗೆ ಮಾನದ ಹೆಸರು ಬರೆದಿಡುವ ಸೌಲಭ್ಯ ಇದೆ, ಆದರೆ ಅದು ಬರೀ ಚೀಟಿ. ಕನೆಕ್ಟ್ ಅದನ್ನು ಓದಿ ಹೊಂದಿಸುವುದಿಲ್ಲ. ಎನ್‌ಕೋಡರ್ ಬ್ಲಾಕ್ ನಿಮಿಷದ ಸುತ್ತುಗಳಲ್ಲಿ, ಗುರಿ ರೇಡಿಯನ್‌ನಲ್ಲಿ ಇದ್ದುಬಿಟ್ಟರೆ ಲೂಪ್ ಗೇನ್ 9.55 ಪಟ್ಟು ಏರುತ್ತದೆ. ಈ ಡ್ರೈವ್‌ನಲ್ಲಿ ಕ್ರಾಸ್‌ಓವರ್ 200ರಿಂದ 1200 ರೇಡಿಯನ್‌ಗೆ ಹಾರಿ ಮಾರ್ಜಿನ್ ಸುಮಾರು 20 ಡಿಗ್ರಿಗೆ ಇಳಿಯುತ್ತದೆ. 1 ಕಿಲೋಹರ್ಟ್ಸ್‌ನ ವಿಳಂಬ ಸೇರಿದರೆ ಅಸ್ಥಿರ. ವಿಳಂಬವಿಲ್ಲದ ಮಾದರಿಯಲ್ಲಿ ಇದನ್ನು ಹಿಡಿಯಲು ಡಿಸಿ ಗೇನ್ ಸಾಕು: ಗುರಿಯಿಂದ ವೇಗಕ್ಕೆ 1ರ ಬದಲು 0.105 ಬರುತ್ತದೆ. ಇಂಟಿಗ್ರೇಟರ್ ಅಳೆದ ಸಂಖ್ಯೆಯನ್ನು ಸರಿ ಮಾಡುತ್ತದೆಯೇ ಹೊರತು ನಿಜವಾದ ವೇಗವನ್ನಲ್ಲ. ಮೇಲೆ ಏನನ್ನೂ ಹೇಳುವುದಿಲ್ಲ ಎಂದ ಆ 1 ಸುಳಿವು ಕೊಡುವ ಒಂದೇ ಸಂದರ್ಭ ಇದು.

ಪೈಥಾನ್ ಕಂಟ್ರೋಲ್ ಲೈಬ್ರರಿಯಲ್ಲಿ ಇದೇ ಕೆಲಸಕ್ಕೆ ಇಂಟರ್‌ಕನೆಕ್ಟ್ ಮತ್ತು ಸಮ್ಮಿಂಗ್ ಜಂಕ್ಷನ್ ಇವೆ. ಫೀಡ್‌ಬ್ಯಾಕ್ ಅಲ್ಲಿಯೂ ತಾನಾಗಿ ಋಣ. ಬಳಕೆಯಾಗದ ಸಿಗ್ನಲ್‌ಗೆ ಎಚ್ಚರಿಕೆ ಅಲ್ಲಿಯೂ ಬರುತ್ತದೆ. ಆಂತರಿಕ ವಿಳಂಬ ಮಾತ್ರ ಇಲ್ಲ, ಪಡೆ ಅಂದಾಜನ್ನೇ ಬ್ಲಾಕ್ ಮಾಡಿ ಸೇರಿಸಬೇಕು. ಆದ್ದರಿಂದ ಪೋಲ್ ಎಣಿಕೆಯ ಮೇಲಿನ ಬಲೆ ಅಲ್ಲಿಲ್ಲ. ಬದಲಿಗೆ ಮೊದಲೇ ಏಳು ಸ್ಟೇಟ್ ನಿರೀಕ್ಷಿಸಬೇಕು. ಸೈಲ್ಯಾಬ್‌ನಲ್ಲಿ ಫೀಡ್‌ಬ್ಯಾಕ್‌ಗೆ ಓರೆಗೆರೆ ಮತ್ತು ಚುಕ್ಕೆ ಸೇರಿದ ಒಂದು ಆಪರೇಟರ್ ಇದೆ. ಹಿಂದಿನ ದಾರಿ 1 ಎಂದು ಅದರ ಪಕ್ಕದಲ್ಲೇ ಅಂಟಿಸಿ ಬರೆದರೆ ಚುಕ್ಕೆ ಸಂಖ್ಯೆಯ ಜೊತೆ ಹೋಗಿ 0.1ರಿಂದ ಭಾಗಿಸಿದಂತಾಗುತ್ತದೆ. ಚುಕ್ಕೆಯ ನಂತರ ಒಂದು ಸ್ಪೇಸ್ ಬಿಡಬೇಕು.

ಕೊನೆಗೆ ಉಳಿಯುವುದು ಹೊರೆಯ ಸ್ಟೆಪ್. 0.1 ನ್ಯೂಟನ್-ಮೀಟರ್ ಹೊರೆ ಏಕಾಏಕಿ ಬಂದರೆ ವೇಗ ಎಷ್ಟು ಕುಸಿಯುತ್ತದೆ? ಫಿಲ್ಟರ್ ಮತ್ತು ಕರೆಂಟ್ ಲೂಪ್‌ನ ತಡ ಎರಡನ್ನೂ ಬಿಟ್ಟು ಎರಡನೇ ಆರ್ಡರ್‌ನ ಕೈಲೆಕ್ಕ ಹಾಕಿದರೆ ಪೋಲ್‌ಗಳು −55 ಮತ್ತು −145, ಕುಸಿತ ಸೆಕೆಂಡಿಗೆ 1.9 ರೇಡಿಯನ್, ಹೊರೆ ಬಿದ್ದ 11 ಮಿಲಿಸೆಕೆಂಡ್‌ಗೆ. ಪೂರ್ತಿ ಮಾದರಿ ಇದರ ಆಸುಪಾಸಿನಲ್ಲೇ ಉತ್ತರ ಕೊಡಬೇಕು. ಹೊಸ ಸ್ಥಿತಿಗೆ ನಿಂತಾಗ ಕರೆಂಟ್ 1 ಆಂಪಿಯರ್, ವೋಲ್ಟ್ 2 ಹೆಚ್ಚಿರಬೇಕು. ಅಷ್ಟು ಬಂದರೆ ಏಳು ಬ್ಲಾಕ್, ನಾಲ್ಕು ಕೂಡುವ ಜಾಗ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಕಂಟ್ರೋಲರ್ ಸಂಖ್ಯೆಗಳನ್ನು ತಿದ್ದುವ ಕೆಲಸ ಇನ್ನು ಶುರು ಮಾಡಬಹುದು.